ಸ್ಟೆಪ್ನಿ ಆರ್ಮ್ ಲೊಡಲೊಡ ಅಂದ್ರೆ ಲಾಚ್ ಬೈಬೇಡ್ರಿ, ಬುಷ್ ನೋಡ್ರಿ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಚಿತ್ರದುರ್ಗದವ್ರೊಬ್ರು ತಮ್ಮ ಗಾಡಿ ಹಿಂದಿನ ಸ್ಟೆಪ್ನಿ ಆರ್ಮ್, ಅಂದ್ರೆ ಸ್ಪೇರ್ ಟಯರ್ ಹೊರೋ ಕಬ್ಬಿಣದ ತೋಳಿನ ಬಗ್ಗೆ ಬರ್ದಿದ್ರು. ಬಂಪರ್‌ಗೆ ಕೂರ್ಸಿದ್ದು, ಪಕ್ಕಕ್ಕೆ ತಿರುಗ್ಸಿ ತೆಗೆಯೋದು, ಈಗ ರೋಡ್ ಮೇಲೆ ಹೋದ್ರೆ ಲೊಡಲೊಡ ಅಂತೈತೆ, ಮುಚ್ಚಿ ಹಿಡಿಯೋ ಲಾಚ್ ಕೂರಲ್ಲ, ಕೈಯಲ್ಲಿ ಎತ್ತಿ ಹಿಡಿದ್ರೆ ಮಾತ್ರ ಬೀಳ್ತೈತೆ, ಗ್ಯಾರೇಜಲ್ಲಿ ಕೇಳಿದ್ರೆ ಬುಷ್ (ತಿರುಗೋ ಪಿನ್ ಸುತ್ತ ಕೂರೋ ಬಳೆ) ಸಿಗಲ್ಲ ಪೂರ್ತಿ ಸೆಟ್ಟೇ ಬದ್ಲಾಯಿಸ್ರಿ ಇಲ್ಲಾಂದ್ರೆ ವೆಲ್ಡ್ ಹೊಡ್ಸಿಬಿಡ್ರಿ ಅಂತಾರೆ ಅಂತ. ಕೊನೆಗೆ ಇಂಥ ಸಾಮಾನು ಮಾರೋರ ಮೇಲೆ ಕಾನೂನು ತರ್ಬೇಕು ಅಂತ ಮುಗ್ಸಿದ್ರು. ಮಾರೋರ ಮಾತು ಬಿಡ್ರಿ, ಗಾಡಿ ಓನರ್‌ಗಳಿಗೆ ಕಾನೂನು ಈಗಾಗ್ಲೇ ಐತ್ರಿ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನು, ಕಂಪ್ನಿ ಕೊಟ್ಟ ಗಾಡೀನ ನಮ್ಮಿಷ್ಟಕ್ಕೆ ಬದ್ಲಾಯಿಸೋ ಹಂಗಿಲ್ಲ ಅಂತ ಅದ್ರಲ್ಲೇ ಐತೆ, ಆ ಮಾತು ಲಾಯರ್‌ಗಳು ಆಡ್ಲಿ. ನಾನು ದಾವಣಗೆರೇಲಿ ಲೇತ್ (ಲೋಹ ಕಡೆಯೋ ಮಷೀನು) ಕೆಲಸ ಮಾಡೋನು, ನಂಗೆ ಸಿಟ್ಟು ಬಂದಿದ್ದು ಆ "ಬುಷ್ ಸಿಗಲ್ಲ" ಅನ್ನೋ ಮಾತಿಗೆ.

ಅಲ್ರಿ, ಪಕ್ಕದ ಹರಿಹರದಲ್ಲಿ 1941ರಲ್ಲೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದು ದೇಶಕ್ಕೆಲ್ಲ ಲೇತ್ ಮಾಡಿ ಕಳ್ಸಿದ ಸೀಮೆ ಇದು. ಕಾರ್ಖಾನೆ ಮುಚ್ಚೋಯ್ತು ನಿಜ, ಆದ್ರೆ ಅಲ್ಲಿಂದ ಬಂದ ಮಷೀನು ಇನ್ನೂ ಓಡ್ತಾ ಅದಾವೆ. ಇಂಥ ಕಡೆ ಬೆರಳುದ್ದದ ಒಂದು ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಬುಷ್ ಸಿಗಲ್ಲ ಅಂದ್ರೆ ಯಾರಾದ್ರೂ ನಂಬ್ತಾರಾ? ಅಂಗಡೀಲಿ ಪ್ಯಾಕೆಟ್‌ನಾಗೆ ಸಿಗಲ್ಲ ಅಷ್ಟೆ. ಮಾಡಿಸ್ಕೋಬೇಕು.

ಮೊದ್ಲು ಯಾಕೆ ಸವೀತದೆ ಅನ್ನೋದು ತಿಳ್ಕೊಂಡ್ರೆ ಅರ್ಧ ಕೆಲಸ ಆದಂಗೆ. ಬಂಪರ್ ಮೂಲೇಲಿ ಒಂದು ಪಿನ್ ನಿಂತಿರ್ತೈತೆ, ಆರ್ಮ್‌ನ ಕೊಳವೆ ಅದ್ರ ಮೇಲೆ ಕೂತು ತಿರುಗ್ತದೆ, ಕೊಳವೆ ಒಳಗೆ ಮೇಲೊಂದು ಕೆಳಗೊಂದು ಬುಷ್. ರಿಮ್ ಸಮೇತ ಟಯರ್ 30 ಕೆಜಿ ಅಂತ ಇಟ್ಕೊಳ್ಳಿ, ಅದು ಪಿನ್ನಿಂದ 50 ಸೆಂಟಿಮೀಟರ್ ಆಚೆ ನೇತಾಡ್ತೈತೆ, ಎರಡು ಬುಷ್ ನಡುವೆ ಇರೋದು 15 ಸೆಂಟಿಮೀಟರ್ ಅಂತರ. 30ನ 50ರಿಂದ ಗುಣಿಸಿ 15ರಿಂದ ಭಾಗಿಸ್ರಿ, ನೂರು. ಅಂದ್ರೆ ಗಾಡಿ ನಿಂತು ಆರ್ಮ್ ಪಕ್ಕಕ್ಕೆ ತೆರೆದಿಟ್ಟಾಗ್ಲೇ ಒಂದೊಂದು ಬುಷ್ ಮೇಲೂ ಪಕ್ಕಕ್ಕೆ ನೂರು ಕೆಜಿ ಭಾರ, ಹಂಪ್ ಹಾರ್ಸಿದ್ರೆ ಎಷ್ಟಾಗ್ತೈತೆ ನೀವೇ ಲೆಕ್ಕ ಹಾಕ್ರಿ. ಇದ್ರ ಮೇಲೆ ಕೆಲವ್ರು ಸ್ಟೈಲಿಗೆ ಅಂತ 20 ಲೀಟರ್ ಡೀಸೆಲ್ ಕ್ಯಾನೂ ಅದೇ ಆರ್ಮ್‌ಗೆ ನೇತಾಕ್ತಾರೆ, ಡೀಸೆಲ್ಲೇ 16-17 ಕೆಜಿ, ಕ್ಯಾನಿನ ತೂಕ ಬೇರೆ.

ಅದಕ್ಕೇ ಬುಷ್ ಸುತ್ತಲೂ ಒಂದೇ ಸಮ ಸವಿಯಲ್ಲ. ಮೇಲಿನದು ಟಯರ್‌ಗೆ ಎದುರು ಮಗ್ಗಲು ಸವೀತದೆ, ಕೆಳಗಿನದು ಟಯರ್ ಮಗ್ಗಲು, ಎರಡೂ ಮೊಟ್ಟೆ ಆಕಾರ ಆಗ್ತಾವೆ. ಬುಷ್ ಹತ್ರ ಬರೀ 1 ಎಂಎಂ ಆಟ (ಸಡಿಲ) ಬಂದ್ರೆ ಸಾಕು, 90 ಸೆಂಟಿಮೀಟರ್ ದೂರದ ಲಾಚ್ ಹತ್ರ ಆರ್ಮ್ 6 ಎಂಎಂ ಇಳಿದುಬಿಡ್ತೈತೆ. ಕಣ್ಣಿಗೆ ಕಾಣೋದು ಆ 6 ಎಂಎಂ, ಹಂಗಾಗಿ ಎಲ್ರೂ ಹೋಗಿ ಲಾಚ್ ಮೇಲೆ ಬೀಳ್ತಾರೆ, ಅದನ್ನ ಬಡಿದು ಬಗ್ಗಿಸ್ತಾರೆ, ವಾಷರ್ ಇಡ್ತಾರೆ, ಹಳೇ ಟ್ಯೂಬ್ ಕತ್ತರ್ಸಿ ತುರುಕ್ತಾರೆ, ಹಗ್ಗ ಕಟ್ಕೊಂಡು ಓಡಾಡೋರೂ ಅದಾರೆ. ಇನ್ನು ಕೆಲವ್ರು ಪಿನ್ನಿನ ನಟ್ ಬಿಗೀತಾರೆ. ಬುಷ್ ಬದ್ಲು ಟೇಪರ್ ಬೇರಿಂಗ್ (ಓರೆಯಾಗಿ ಕೂತ ರೋಲರ್ ಇರೋದು) ಹಾಕಿರೋ ಆರ್ಮ್‌ದಾಗೆ ನಟ್ ಬಿಗಿದ್ರೆ ಆಟ ಹೋಗುತ್ತೆ ಖರೆ, ಬುಷ್ ಇದ್ರೆ ಹೋಗಲ್ಲ, ತಿರುಗ್ಸೋದು ಗಟ್ಟಿ ಆಗ್ತೈತೆ ಅಷ್ಟೆ. ಇನ್ನು ವೆಲ್ಡ್ ಹೊಡೆದ್ರೆ ಡಿಕ್ಕಿ ಬಾಗ್ಲೇ ತೆರೆಯಲ್ಲ, ಆಮೇಲೆ ಸಾಮಾನು ಕಿಟಕೀಲಿ ಇಳಿಸ್ತೀರಾ?

ಪರೀಕ್ಷೆ ಸುಲಭ. ಲಾಚ್ ಬಿಡಿಸಿ ಆರ್ಮ್ ಸ್ವಲ್ಪ ತೆಗೀರಿ, ತುದಿ ಹಿಡಿದು ಮೇಲಕ್ಕೆ ಕೆಳಕ್ಕೆ ಆಡಿಸ್ರಿ, ಇನ್ನೊಬ್ರಿಗೆ ಪಿನ್ ಹತ್ರ ಬೆರಳಿಟ್ಟು ನೋಡಕ್ಕೆ ಹೇಳ್ರಿ. ಅಲ್ಲಿ ಟಕ್ ಟಕ್ ಅಂದ್ರೆ ಬುಷ್ ಹೋಗೈತೆ. ಬೊಲೆರೊ, ಥಾರ್, ಹಳೇ ಜಿಪ್ಸಿ ಇಂಥವ್ರಲ್ಲಿ ಕಂಪ್ನಿಯವ್ರೇ ಸ್ಟೆಪ್ನೀನ ಹಿಂದಿನ ಡೋರ್ ಮೇಲೆ ಕೂರ್ಸಿರ್ತಾರೆ, ಅಲ್ಲಿ ಭಾರ ಎಲ್ಲ ಡೋರ್ ಹಿಂಜ್ ಮೇಲೆ, ಅದನ್ನೂ ಹಿಂಗೇ ನೋಡಬೋದು.

ಬಿಚ್ಚೋವಾಗ ಮೊದ್ಲು ಟಯರ್ ಇಳಿಸ್ರಿ, ಆರ್ಮ್ ಕೆಳಗೆ ಜಾಕ್ ಕೊಡ್ರಿ, ಆಮೇಲೆ ನಟ್ಟಿಗೆ ಕೈ ಹಾಕ್ರಿ. ಟಯರ್ ಸಮೇತ ಎಳೆಯೋಕೆ ಹೋಗಿ ಕಾಲ ಮೇಲೆ ಹಾಕ್ಕೊಂಡೋರು ನಮ್ಮ ಲೈನಲ್ಲೇ ಅದಾರೆ. ಹಳೇ ಬುಷ್ ಡ್ರಿಫ್ಟ್ (ದಪ್ಪ ಸರಳು) ಇಟ್ಟು ಹೊಡೆದ್ರೆ ಬರ್ತೈತೆ, ಬರ್ಲಿಲ್ಲಾಂದ್ರೆ ಒಳಗಿಂದ ಹ್ಯಾಕ್ಸಾ ಬ್ಲೇಡ್‌ನಾಗೆ ಉದ್ದಕ್ಕೆ ಕುಯ್ದು ಮಡಚಿ ತೆಗೀಬೇಕು, ಆದ್ರೆ ಬ್ಲೇಡ್ ಕೊಳವೆಗೆ ತಾಗಬಾರ್ದು. ಪಿನ್ ಮೇಲೆ ಉಗುರು ಎಳೆದು ನೋಡ್ರಿ. ಉಗುರು ಎಲ್ಲಾದ್ರೂ ಸಿಕ್ಕೊಂಡ್ರೆ ಪಿನ್ನೂ ಸವೆದೈತೆ, ಅದಕ್ಕೆ ಹೊಸ ಬುಷ್ ಹಾಕಿದ್ರೆ ದುಡ್ಡು ದಂಡ, ಪಿನ್ ಸವೆದ ಕಡೆ ವೆಲ್ಡ್ ತುಂಬಿಸಿ ಮತ್ತೆ ಅಳತೆಗೆ ಕಡೆಸ್ಬೇಕು ಇಲ್ಲಾ ಹೊಸದು ಮಾಡಿಸ್ಬೇಕು.

ಹೊಸ ಬುಷ್ ಗನ್‌ಮೆಟಲ್ಲೋ ಫಾಸ್ಫರ್ ಬ್ರಾಂಜೋ ಇರ್ಲಿ. ನೈಲಾನ್ ಅಗ್ಗ, ಸದ್ದೂ ಇಲ್ಲ, ಆದ್ರೆ ಅದು ತೇವ ಹೀರಿ ಉಬ್ಬುತ್ತೆ, ಮಳೆಗಾಲದಾಗೆ ಆರ್ಮ್ ತಿರುಗಲ್ಲ ಅಂತ ಮತ್ತೆ ನನ್ನತ್ರಾನೇ ಬರ್ತೀರಿ. ಪ್ಲಾಸ್ಟಿಕ್ಕೇ ಬೇಕಂದ್ರೆ ಡೆಲ್ರಿನ್ ವಾಸಿ, ಅದು ನೀರು ಅಷ್ಟು ಕುಡಿಯಲ್ಲ. ಹೊರ ಅಳತೆ ಕೊಳವೆ ತೂತಿಗಿಂತ 3ರಿಂದ 5 ಪಾಯಿಂಟ್ ಜಾಸ್ತಿ ಇಡ್ತೀವಿ, ಅಂದ್ರೆ 0.03ರಿಂದ 0.05 ಎಂಎಂ. ಹೊಸಬ್ರು ತಪ್ಪೋದು ಇಲ್ಲೇ: ಬುಷ್ ಬಿಗಿಯಾಗಿ ಒಳಗೆ ಕೂತ ಮೇಲೆ ಅದ್ರ ತೂತು ಸಣ್ಣ ಆಗುತ್ತೆ. ಮೊದ್ಲೇ ಪಿನ್ನಿಗೆ ಸರಿಯಾಗಿ ಬೋರ್ ಮಾಡಿ ಕೂರ್ಸಿದ್ರೆ ಪಿನ್ ಹೋಗಲ್ಲ, ಆಗ ಪಿನ್ನನ್ನೇ ಎಮರಿ ಪೇಪರ್ ಹಾಕಿ ಉಜ್ತಾರೆ, ಅದು ಹಾಳು ಕೆಲಸ. ಕೂರ್ಸಿದ ಮೇಲೇನೇ ಮೇಲಿಂದ ಕೆಳಗಿನವರ್ಗೂ ಒಂದೇ ಎಳೆತಕ್ಕೆ ರೀಮರ್ (ತೂತನ್ನ ನಯವಾಗಿ ಅಳತೆಗೆ ತರೋ ಟೂಲು) ಹಾಕಿದ್ರೆ ಎರಡೂ ಬುಷ್ ಒಂದೇ ಲೈನಿಗೆ ಬರ್ತಾವೆ.

ಕೂರ್ಸೋಕೆ ಸುತ್ತಿಗೆ ಬೇಡ, ಉದ್ದ ಬೋಲ್ಟು ಎರಡು ದಪ್ಪ ವಾಷರ್ ಹಾಕಿ ನಟ್ ತಿರುಗಿಸ್ತಾ ಎಳ್ಕೊಳ್ರಿ. ರಾತ್ರಿ ಫ್ರೀಜರಲ್ಲಿಟ್ರೆ ಇನ್ನೂ ಸಲೀಸು, 35 ಎಂಎಂ ಬುಷ್ ಹೆಚ್ಚುಕಮ್ಮಿ 0.03 ಎಂಎಂ ಕುಗ್ಗುತ್ತೆ, ಮನೇಲಿ ಬೈಸ್ಕೊಳೋದು ನಿಮಗೆ ಬಿಟ್ಟಿದ್ದು. ಗ್ರೀಸ್ ತುಂಬೋ ನಿಪ್ಪಲ್ ತೂತು, ಬುಷ್ ಗೋಡೇಲಿರೋ ಗ್ರೀಸ್ ತೂತು ಎದುರುಬದುರು ಬರ್ಬೇಕು, ಕೆಳಗೆ ಭಾರ ತಡೆಯೋ ವಾಷರ್ ಇಲ್ಲಾಂದ್ರೆ ಕಾಲರ್ ಇರೋ ಬುಷ್ ಮಾಡಿಸ್ರಿ.

ಆಮೇಲೆ ಧೂಳು. ಜಗಳೂರು ಕಡೆ ಮಣ್ಣಿನ ರೋಡು, ಹೊಳಲ್ಕೆರೆ ಹೊಸದುರ್ಗ ಕಡೆ ಗಣಿ ಧೂಳು, ಗ್ರೀಸ್ ಜೊತೆ ಸೇರಿದ್ರೆ ಅದು ವಾಲ್ವ್ ಉಜ್ಜೋ ಪೇಸ್ಟ್ ಇದ್ದಂಗೆ, ಗ್ರೀಸ್ ಹಾಕೀವಲ್ಲ ಅಂತ ನೀವು ನೆಮ್ಮದಿಯಾಗಿದ್ರೆ ಒಳಗೆ ಅದು ತಿಂತಾನೇ ಇರ್ತೈತೆ. ಮೇಲೆ ಕ್ಯಾಪು, ಕೆಳಗೆ ಮೇಲೆ ಒಂದೊಂದು ಓ ರಿಂಗು (ಧೂಳು ತಡೆಯೋ ರಬ್ಬರ್ ಬಳೆ) ಇರ್ಲಿ. ಗ್ರೀಸ್ ಗನ್ ಹೊಡೆಯೋವಾಗ ಹಳೇ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣೋವರ್ಗೂ ಹೊಡೀರಿ, ಹೊರಗೆ ಬಂದಿದ್ದನ್ನ ಒರೆಸ್ರಿ. ಕೊನೇಲಿ ಲಾಚ್ ಹತ್ರ ಇರೋ ರಬ್ಬರ್ ಪ್ಯಾಡ್ ಮೇಲೆ ಆರ್ಮ್ ಸ್ವಲ್ಪ ಒತ್ತಿ ಕೂರೋ ಹಂಗೆ ಸೆಟ್ ಮಾಡಿದ್ರೆ ಓಡೋವಾಗ ಭಾರ ಎಲ್ಲ ಬುಷ್ ಒಂದೇ ಹೊರಲ್ಲ.

ಟ್ಯೂಬ್‌ಲೆಸ್ ಟಯರ್, ಗಾಳಿ ಒತ್ತಡ ತೋರ್ಸೋ ಸಿಸ್ಟಮ್ಮು, ಪಂಚರ್ ಕಿಟ್ ಇರೋ ಕಾರಿಗೆ ಸ್ಟೆಪ್ನಿ ಕಡ್ಡಾಯ ಅಲ್ಲ ಅಂತ 2020ರಲ್ಲಿ ಕೇಂದ್ರ ಸರ್ಕಾರ ರೂಲ್ಸ್ ಮಾಡೈತೆ, ಸ್ಟೆಪ್ನೀನೇ ತೆಗೆದಾಕ್ರಿ ಅನ್ನೋರು ಅದಕ್ಕೇ ಅಂತಾರೆ. ಸೈಡ್‌ವಾಲ್ ಹರಿದ್ರೆ ಕಿಟ್ ಏನ್ ಮಾಡ್ತೈತ್ರಿ? ಸ್ಟೆಪ್ನಿ ಇರ್ಲಿ, ಆದ್ರೆ ಹೈವೇ 48ರಲ್ಲಿ ನೂರರ ಮೇಲೆ ಹೋಗೋವಾಗ ಅದು ಲಾಚ್ ಬಿಟ್ಟು ತೆರ್ಕೊಂಡ್ರೆ ಪಕ್ಕದ ಬೈಕಿನವ್ರ ಗತಿ ಏನು ಅಂತ ಯೋಚ್ನೆ ಮಾಡ್ರಿ. ಆರ್‌ಟಿಒದವ್ರು ಎಫ್‌ಸಿ ಮಾಡೋವಾಗ ಲೈಟು ಹಾರನ್ನು ನೋಡ್ದಂಗೆ ಈ ಆರ್ಮ್ ತುದೀನೂ ಒಂದ್ಸಲ ಎತ್ತಿ ನೋಡಿದ್ರೆ ಏನೂ ಹೋಗಲ್ಲ.

ಪತ್ರ ಬರ್ದ ಚಿತ್ರದುರ್ಗದ ಅಣ್ಣಾವ್ರಿಗೆ ಒಂದು ಮಾತು. ನಿಮ್ಮೂರಲ್ಲೇ ಲೇತ್‌ನೋರು ಅದಾರೆ, ಇಲ್ಲಿಗೇ ಬರ್ಬೇಕಂತಿಲ್ಲ. ಯಾರ ಹತ್ರ ಹೋದ್ರೂ ಆರ್ಮ್ ಒಂದನ್ನೇ ತಗೊಂಡು ಹೋಗ್ಬೇಡ್ರಿ, ಪಿನ್ ಬಿಚ್ಚೋ ಹಂಗಿದ್ರೆ ಅದನ್ನೂ ತಗೊಂಡೋಗ್ರಿ, ಬಂಪರ್‌ಗೆ ವೆಲ್ಡ್ ಆಗಿದ್ರೆ ಗಾಡೀನೇ ತಗೊಂಡೋಗ್ರಿ, ಪಿನ್ ಅಳತೆ ತೆಗೀದೆ ಬುಷ್ ಕಡೆದುಕೊಡ್ತೀನಿ ಅನ್ನೋನು ಸಿಕ್ರೆ ಅಲ್ಲಿಂದ್ಲೇ ವಾಪಸ್ ಬನ್ನಿ.

ಇಂತಿ,
ಒಬ್ಬ ಲೇತ್ ಕೆಲಸದವ, ದಾವಣಗೆರೆ