ಪಾಲುಪಟ್ಟಿಯಲ್ಲಿರುವ ಹೆಸರುಗಳು

ಮಲ್ಲೇಶ್ವರಂ, ಬೆಂಗಳೂರು

ಪ್ರೀತಿಯ ತಮ್ಮ,

ತುಳುನಾಡಿನ ಮೂಲ್ಕಿಯ ಮಹನೀಯರು, ಮನೆತನಗಳ ಬಗ್ಗೆ ನೀನು ಕಳಿಸಿದ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಈ ಪುಸ್ತಕ ಬರಲೇಬೇಕು. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಸದಾಶಿವನಗರ ಇದೆ. ಅಲ್ಲಿ ದಿನಾ ಬಸ್ಸಿಳಿಯುವ ಎಷ್ಟು ಜನಕ್ಕೆ ಆ ಸದಾಶಿವ ಯಾರೆಂದು ಗೊತ್ತು? ಕಾರ್ನಾಡ್ ಸದಾಶಿವ ರಾಯರು ವಕೀಲರಾಗಿದ್ದವರು, ಸ್ವಾತಂತ್ರ್ಯ ಹೋರಾಟಕ್ಕೆ ಕೈಯಲ್ಲಿದ್ದುದನ್ನೆಲ್ಲ ಸುರಿದು 1937ರಲ್ಲಿ ಬರಿಗೈಯಲ್ಲಿ ತೀರಿಕೊಂಡವರು. ಆ ಪುಟ ಓದುವಾಗ ನನ್ನ ಗಂಟಲು ಕಟ್ಟಿತು. ಆದರೆ ಅವರ ಪತ್ನಿ ಶಾಂತಾಬಾಯಿ ಗಂಡನ ಜೊತೆ ನಿಂತು ಮಂಗಳೂರಿನಲ್ಲಿ ಮಹಿಳಾ ಸಭೆ ಕಟ್ಟಿದ್ದಕ್ಕೆ ನೀನು ಕೊಟ್ಟಿರುವುದು ಒಂದೇ ಸಾಲು. ಆಸ್ತಿ ಕರಗುತ್ತಿದ್ದಾಗ ಅಡುಗೆಮನೆಯಲ್ಲಿ ನಿಂತು ಅದನ್ನು ನೋಡಿದವರು ಅವರು. ಒಂದು ಸಾಲು ಸಾಲದು.

ಮುಖ್ಯವಾಗಿ ಹೇಳಬೇಕಾದ ಮಾತು ಮೂರನೇ ಅಧ್ಯಾಯದ್ದು. ಗುತ್ತಿನ ಮನೆಯೊಂದರ, ಎಂದರೆ ಊರಿನ ದೊಡ್ಡ ಭೂಮಾಲೀಕ ಮನೆತನವೊಂದರ ವಂಶವೃಕ್ಷ ಬರೆದಿದ್ದೀಯ: ಅಜ್ಜ, ಅವನ ಮಗ, ಮಗನ ಮಗ. ಅದು ತಪ್ಪು, ತಮ್ಮ. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆ ಹಾಗೆ ಇಳಿದು ಬರುವುದಿಲ್ಲ. ಆ ಅಜ್ಜನ ಮಕ್ಕಳು ಅವನ ಹೆಂಡತಿಯ ಮನೆಯವರು. ಅವನ ಗುತ್ತು ಮುಂದುವರಿದದ್ದು ಅವನ ಅಕ್ಕತಂಗಿಯರಲ್ಲಿ, ಅವರ ಹೆಣ್ಣುಮಕ್ಕಳಲ್ಲಿ. ಬೆಂಗಳೂರಿನಲ್ಲಿ ಕೂತು ಬರೆಯುವಾಗ ಕೈ ತಾನಾಗಿ ಅಪ್ಪನಿಂದ ಮಗನಿಗೆ ಗೆರೆ ಎಳೆಯುತ್ತದೆ. ನನ್ನ ಕೈಯೂ ಎಳೆದಿತ್ತು.

ನಲವತ್ತು ವರ್ಷದ ಹಿಂದೆ ಒಂದು ಸ್ಮರಣ ಸಂಚಿಕೆಗೆ ಇಂಥದೇ ಲೇಖನ ಬರೆದಿದ್ದೆ. ಅಚ್ಚಾದ ಮೇಲೆ ಪ್ರತಿ ಕೊಡಲು ಆ ಮನೆಗೆ ಹೋದೆ. ಚಾವಡಿಯಲ್ಲಿ ಕೂತಿದ್ದ ಅಜ್ಜಿ ಮೊಮ್ಮಗಳಿಂದ ಪೂರ್ತಿ ಓದಿಸಿಕೊಂಡು, "ಇದರಲ್ಲಿ ನಾನು ಎಲ್ಲಿದ್ದೇನೆ ಮಗಾ?" ಎಂದು ಕೇಳಿದರು. ಆಮೇಲೆ ಒಳಗಿನಿಂದ ತಗಡಿನ ಪೆಟ್ಟಿಗೆ ತರಿಸಿ, ಮಡಿಕೆಯಲ್ಲಿ ಹರಿದು ಬಟ್ಟೆಯ ಪಟ್ಟಿ ಅಂಟಿಸಿದ್ದ ಛಾಪಾ ಕಾಗದ ಬಿಡಿಸಿದರು. ಅದು ಮನೆಯ ಪಾಲುಪಟ್ಟಿ. ಮೊದಲನೇ ಕವರು, ಎಂದರೆ ಹೆಣ್ಣಿನಿಂದ ಹೊರಟ ಮೊದಲ ಕವಲು, ಎಂದು ಶುರುವಾಗಿ ಅವರ ತಾಯಿಯ ಹೆಸರು, ತಾಯಿಯ ಕೆಳಗೆ ಹೆಣ್ಣುಮಕ್ಕಳು, ಅವರ ಮಕ್ಕಳು, ಎದೆಹಾಲು ಕುಡಿಯುವ ಕೂಸಿನವರೆಗೆ. ಕೊನೆಯ ಹಾಳೆಯಲ್ಲಿ ತಾಮ್ರದ ಹಂಡೆ, ಕಂಚಿನ ಹರಿವಾಣ, ತೂಗುಮಂಚ, ಭತ್ತ ಅಳೆಯುವ ಕಳಸಿಗೆ ಯಾರ ಪಾಲಿಗೆ ಎಂಬ ವಿವರ. ಅಜ್ಜಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಸುಮ್ಮನೆ ಕೂತರು. ಆ ಬೆರಳು ನನಗೆ ಇವತ್ತಿಗೂ ಕಾಣುತ್ತದೆ.

ಅಂಥ ಕಾಗದಗಳು ಯಾಕೆ ಇವೆ ಎಂಬುದನ್ನೂ ಓದುಗರಿಗೆ ತಿಳಿಸು. ಮೊದಲು ಎಲ್ಲರೂ ಒಪ್ಪದೆ ಕೂಡುಕುಟುಂಬ ಒಡೆಯುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರುಗಳು ಪಾಲು ಕೇಳಬಹುದಾಯಿತು. ಕವರು ಎಂದರೆ ಒಬ್ಬ ಹೆಣ್ಣು, ಅವಳ ಮಕ್ಕಳು, ಮತ್ತು ಹೆಣ್ಣುಮಕ್ಕಳ ಕಡೆಯಿಂದ ಇಳಿದುಬಂದ ಸಂತತಿ. ಅಭಿನಂದನ ಗ್ರಂಥಗಳಲ್ಲಿ 'ಧರ್ಮಪತ್ನಿ' ಎಂಬ ಒಂದು ಪದದೊಳಗೆ ಕರಗಿಹೋಗುವ ಹೆಂಗಸರಿಗೆ ಪಾಲುಪಟ್ಟಿಯಲ್ಲಿ ಹೆಸರಿದೆ, ಪ್ರಾಯವಿದೆ, ಹಕ್ಕಿದೆ. ಬಂಟರಲ್ಲಿ ಮಾತ್ರವಲ್ಲ, ಬಿಲ್ಲವರಲ್ಲಿ, ಮೊಗವೀರರಲ್ಲಿ, ತುಳುನಾಡಿನ ಜೈನರಲ್ಲೂ ಈ ಕಟ್ಟಳೆ ಇತ್ತು. ಆದ್ದರಿಂದ ಮೂಲ್ಕಿ ಸೀಮೆಯ ಜೈನರಾದ ಸಾವಂತ ಅರಸರ ಬಗ್ಗೆ ಬರೆದ ಪುಟವನ್ನೂ ಇದೇ ಕಣ್ಣಿನಿಂದ ಮತ್ತೊಮ್ಮೆ ನೋಡು.

ವಿಜಯಾ ಬ್ಯಾಂಕಿನ ಅಧ್ಯಾಯ ಚೆನ್ನಾಗಿದೆ. ಮೂಲ್ಕಿ ಸುಂದರ ರಾಮ ಶೆಟ್ಟರ ಹೆಸರು ಬೆಂಗಳೂರಿನವರಿಗೂ ಪರಿಚಿತ. 1931ರಿಂದ 2019ರ ವಿಲೀನದವರೆಗೆ ತೂಕ ತಪ್ಪದೆ ಬರೆದಿದ್ದೀಯ, ಮುಟ್ಟಬೇಡ.

ಬಪ್ಪನಾಡಿನ ಐತಿಹ್ಯವನ್ನು ಮಾತ್ರ ಅವಸರದಲ್ಲಿ ಮುಗಿಸಿದ್ದೀಯ. ದುರ್ಗಾಪರಮೇಶ್ವರಿಯ ಗುಡಿ ಕಟ್ಟಿಸಿದವನು ಕರಾವಳಿಯ ಮುಸ್ಲಿಂ ಸಮುದಾಯದ ಬಪ್ಪ ಬ್ಯಾರಿ ಎಂದು ಊರಿಗೆ ಊರೇ ಹೇಳುತ್ತದೆ, ಊರಿಗೆ ಹೆಸರೂ ಅವನದೇ. ಇದನ್ನು 'ಸೌಹಾರ್ದದ ಸಂಕೇತ' ಎಂದು ಬರೆದು ಕೈತೊಳೆದುಕೊಳ್ಳಬೇಡ. ಬ್ಯಾರಿಗಳ ಮನೆಯಲ್ಲಿ ಈ ಕಥೆಯನ್ನು ಹೇಗೆ ಹೇಳುತ್ತಾರೆ ಎಂದು ಅವರ ಜಗಲಿಯಲ್ಲಿ ಕೂತು ಕೇಳು.

ಹಾಗೆಯೇ ಗೇಣಿ ಅಕ್ಕಿ ಹೊತ್ತವರ ಮನೆಗಳು. ಒಂದು ಮುಡಿ ಅಕ್ಕಿ ಎಂದರೆ 42 ಸೇರು. ಬೈಹುಲ್ಲಿನಲ್ಲಿ ಕಟ್ಟಿದ ಆ ಮುಡಿಯನ್ನು ತಲೆಯ ಮೇಲಿಟ್ಟುಕೊಂಡು ಗುತ್ತಿನ ಅಂಗಳಕ್ಕೆ ಬಂದವರು 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್ ಕೊಟ್ಟು, ಎಂದರೆ ತಾವು ಉಳುವ ಗೇಣಿ ಭೂಮಿಯ ಹಕ್ಕಿಗೆ ಅರ್ಜಿ ಹಾಕಿ, ಭೂಮಿ ಪಡೆದರು. ನಿನ್ನ ಪುಸ್ತಕದಲ್ಲಿ ಅವರದೊಂದು ಮನೆತನವೂ ಇಲ್ಲ. ಗುತ್ತಿನ ಚಾವಡಿಯ ಕಂಬದ ಕೆತ್ತನೆಗೆ ಎರಡು ಪುಟ ಕೊಟ್ಟವನು ಇವರಿಗೆ ಹತ್ತು ಪುಟವಾದರೂ ಕೊಡಬೇಕು ಎಂದು ನನ್ನ ಹಠ.

ಮುಂದಿನ ವಾರ ಊರಿಗೆ ಹೋಗುತ್ತೇನೆ ಎಂದೆಯಲ್ಲ, ಮಳೆ ಹಿಡಿಯುವ ಮೊದಲೇ ಹೋಗು. ಮೊದಲ ದಿನ ಪೆನ್ನು ತೆಗೆಯಬೇಡ, ಕಾಗದಪತ್ರ ಕೇಳಬೇಡ. ಹಿರಿಯ ಹೆಂಗಸರ ಹತ್ತಿರ ಅವರ ತಾಯಿಯ ಹೆಸರು ಕೇಳು, ಆಮೇಲೆ ಆ ತಾಯಿಯ ತಾಯಿಯದು. ಅವರಾಗಿಯೇ ಪೆಟ್ಟಿಗೆ ತೆರೆದರೆ ಮಾತ್ರ ಓದು. ಖಾಸಗಿ ಎಂದದ್ದನ್ನು ಅಲ್ಲೇ ಬಿಟ್ಟು ಬಾ. ಮೂರನೇ ಅಧ್ಯಾಯ ತಿದ್ದಿದ ಮೇಲೆ ಮೊದಲು ಆ ಮನೆಯವರಿಗೆ ಓದಿ ಹೇಳಿ, ನಂತರ ನನಗೆ ಕಳಿಸು.

ನಿನ್ನ
ಅಕ್ಕ