ದೀಕ್ಷಾಸ್ನಾನ ಒಂದೇ, ಮಗಳೇ

ಪ್ರೀತಿಯ ಮಗಳಿಗೆ, ಕರ್ತನ ನಾಮದಲ್ಲಿ ಅವ್ವನ ಆಶೀರ್ವಾದಗಳು.

ಬೆಂಗಳೂರಿನ ಆ ಪ್ರಾರ್ಥನಾಲಯದವರು ಬರುವ ತಿಂಗಳು ನಿನ್ನನ್ನು ತೊಟ್ಟಿಯಲ್ಲಿ ಮುಳುಗಿಸಿ ಮತ್ತೆ ದೀಕ್ಷಾಸ್ನಾನ ಕೊಡುತ್ತಾರೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಮಾತಿಗೆ ಮಾತು ಬೆಳೆದು ನಿನ್ನ ಮನಸ್ಸು ನೊಂದಿದ್ದರೆ ಕ್ಷಮಿಸು. ಪ್ರಾರ್ಥನೆಯಲ್ಲಿ ಕಣ್ಣೀರು ಬಂತು, ಯೇಸು ನನ್ನವನು ಅನ್ನಿಸಿತು ಅಂದದ್ದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು. ಅದನ್ನು ನಾನು ಅನುಮಾನಿಸುತ್ತಿಲ್ಲ. ನನ್ನ ಭಯ ಒಂದೇ: ಕೂಸಾಗಿದ್ದಾಗ ಪಡೆದದ್ದು ಲೆಕ್ಕಕ್ಕಿಲ್ಲ ಎಂದು ನಿನ್ನ ಬಾಯಿಂದಲೇ ಹೇಳಿಸುತ್ತಾರೆ ಎಂಬುದು.

ನಮ್ಮ ಮೆಥಡಿಸ್ಟ್ ಸಭೆಗೆ ಮೂಲಪುರುಷರಾದ ಜಾನ್ ವೆಸ್ಲಿಯವರಿಗೂ ಶಿಶುವಾಗಿದ್ದಾಗಲೇ ದೀಕ್ಷಾಸ್ನಾನವಾಗಿತ್ತು. ಓದಿ ಪಾದ್ರಿಯಾದರು, ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿಬಂದರು, ಆದರೂ ಒಳಗೆ ಸಮಾಧಾನವಿರಲಿಲ್ಲ. 1738ರ ಮೇ 24ರ ರಾತ್ರಿ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಒಬ್ಬರು ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರರ ಮುನ್ನುಡಿಯನ್ನು ಓದುತ್ತಿದ್ದರು. ಒಂಬತ್ತಕ್ಕೆ ಇನ್ನೂ ಕಾಲು ಗಂಟೆ ಇತ್ತು. ಆಗ ವೆಸ್ಲಿಯವರ ಎದೆ ಬೆಚ್ಚಗಾಯಿತು, ಕ್ರಿಸ್ತನು ನನ್ನ ಪಾಪಗಳನ್ನೂ ತೆಗೆದಿದ್ದಾನೆ ಎಂಬ ಭರವಸೆ ಹುಟ್ಟಿತು. ಆಗ ಅವರಿಗೆ 34 ವರ್ಷ. ನಿನಗಾದದ್ದೇ ಅವರಿಗೂ ಆಯಿತು ಮಗಳೇ. ಆದರೆ ಅವರು ಮತ್ತೊಮ್ಮೆ ದೀಕ್ಷಾಸ್ನಾನ ತೆಗೆದುಕೊಳ್ಳಲಿಲ್ಲ.

ಮುಳುಗುವುದರ ಮೇಲೆ ನನಗೆ ಸಿಟ್ಟಿಲ್ಲ. ಚಿಮುಕಿಸಿದರೂ, ಸುರಿದರೂ, ಮುಳುಗಿಸಿದರೂ ನಮ್ಮ ಸಭೆ ಒಪ್ಪುತ್ತದೆ. ಎರಡನೇ ಸಲ ಕೊಡುವುದನ್ನು ಮಾತ್ರ ಒಪ್ಪುವುದಿಲ್ಲ. ದೀಕ್ಷಾಸ್ನಾನದಲ್ಲಿ ಮೊದಲು ಮಾತು ಕೊಡುವವನು ದೇವರು, ನಾವಲ್ಲ. ನಮಗೆ ಬುದ್ಧಿ ಬರುವ ಮೊದಲೇ ಆತನ ಕೃಪೆ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ನಂಬಿದಾಗ ಅದೇ ಕೃಪೆ ನಮ್ಮನ್ನು ನೀತಿವಂತರೆಂದು ಎಣಿಸುತ್ತದೆ, ಆಮೇಲೆ ಬದುಕಿನುದ್ದಕ್ಕೂ ಪವಿತ್ರರನ್ನಾಗಿ ಮಾಡುತ್ತಾ ಹೋಗುತ್ತದೆ. ಆ ಪ್ರಾರ್ಥನಾಲಯದಲ್ಲಿ ನಿನಗಾದದ್ದು ಎರಡನೆಯದು, ನಂಬಿದಾಗ ಸಿಗುವ ಕೃಪೆ. ಅದಕ್ಕಾಗಿ ಮೊದಲನೆಯದನ್ನು, ಕೂಸಾಗಿದ್ದಾಗ ಸಿಕ್ಕಿದ್ದನ್ನು, ಅಳಿಸಬೇಕಿಲ್ಲ. ವೆಸ್ಲಿ 1784ರಲ್ಲಿ ಇಂಗ್ಲೆಂಡ್ ಸಭೆಯ ನಂಬಿಕೆಯ 39 ವಿಧಿಗಳನ್ನು 24ಕ್ಕೆ ಇಳಿಸಿದರು, ಅಮೆರಿಕದ ಮೆಥಡಿಸ್ಟರು ಒಂದು ಸೇರಿಸಿ 25 ಮಾಡಿದರು. ಅಷ್ಟೆಲ್ಲ ಕತ್ತರಿ ಆಡಿಸಿದವರೂ ಚಿಕ್ಕ ಮಕ್ಕಳ ದೀಕ್ಷಾಸ್ನಾನವನ್ನು ಉಳಿಸಿಕೊಳ್ಳಬೇಕೆಂಬ ಮಾತನ್ನು ಬಿಡಲಿಲ್ಲ. 17ನೇ ವಿಧಿ ನೋಡು. ದೀಕ್ಷಾಸ್ನಾನ ಒಂದೇ ಎನ್ನುವ ಎಫೆಸದವರಿಗೆ 4:5 ಓದು, ಅಪೊಸ್ತಲರ ಕೃತ್ಯಗಳು 16ರಲ್ಲಿ ಸೆರೆಮನೆಯ ಯಜಮಾನನ ಮನೆಯವರೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡದ್ದನ್ನೂ ಓದು. ಇದನ್ನೇ ಮತ್ತೆ ಮತ್ತೆ ಹೇಳುತ್ತಿದ್ದೇನೆ, ಗೊತ್ತು. ಆದರೂ ಹೇಳುತ್ತೇನೆ: ನಿನ್ನದು ಆಗಿದೆ, ಪೂರ್ತಿಯಾಗಿ ಆಗಿದೆ.

ಹಾಗಾದರೆ ಈ ಹೊಸ ಉರಿಯನ್ನು ಏನು ಮಾಡಲಿ ಎಂದು ಕೇಳುತ್ತೀಯ. ಅದಕ್ಕೆ ನಮ್ಮಲ್ಲಿ ಒಡಂಬಡಿಕೆಯ ಆರಾಧನೆ ಇದೆ, ದೇವರಿಗೆ ನಮ್ಮನ್ನು ಮತ್ತೆ ಒಪ್ಪಿಸಿಕೊಡುವ ಆರಾಧನೆ. ವೆಸ್ಲಿ ಅದನ್ನು 1755ರಲ್ಲಿ ಲಂಡನ್ನಿನಲ್ಲಿ ನಡೆಸಿದರು, ಈಗ ಹೊಸ ವರ್ಷದ ಮೊದಲ ಭಾನುವಾರ ಇಡುವುದು ರೂಢಿ. ಹಿಂದಿನ ದಿನ ಒಂದು ಹೊತ್ತು ಉಪವಾಸವಿರು, ಬಿಡಬೇಕಾದದ್ದನ್ನು ಚೀಟಿಯಲ್ಲಿ ಬರೆ. "ನಾನಿನ್ನು ನನ್ನವಳಲ್ಲ, ನಿನ್ನವಳು. ಬೇಕಾದ ಕೆಲಸಕ್ಕೆ ಹಚ್ಚು, ಬೇಕಾದವರ ಸಾಲಿನಲ್ಲಿ ನಿಲ್ಲಿಸು" ಎಂಬ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳು. ಆಮೇಲೆ ಕರ್ತನ ಭೋಜನಕ್ಕೆ ಹೋಗು.

ಅದೊಂದೇ ಸಾಲದು. ಕಣ್ಣೀರು ವಾರಕ್ಕೆ ಒಣಗುತ್ತದೆ. 1742ರಲ್ಲಿ ವೆಸ್ಲಿಯವರ ಜನ ಬ್ರಿಸ್ಟಲ್‌ನ ಸಭಾಮನೆಯ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಕಟ್ಟಿ, ತಲೆಗೆ ವಾರಕ್ಕೊಂದು ಪೆನ್ನಿ ಎತ್ತಿದರು. ಹಣಕ್ಕೆ ಮನೆಮನೆಗೆ ಹೋದ ನಾಯಕರಿಗೆ ಮನೆಯೊಳಗಿನ ಜಗಳ, ಕುಡಿತ ಕಣ್ಣಿಗೆ ಬಿತ್ತು. ಅಲ್ಲಿಂದ ಆ ಗುಂಪು ಆತ್ಮ ವಿಚಾರಿಸುವ ಕ್ಲಾಸ್ ಮೀಟಿಂಗ್ ಆಯಿತು. ಮರುವರ್ಷ ವೆಸ್ಲಿ ಮೂರೇ ನಿಯಮ ಬರೆದರು: ಕೇಡು ಮಾಡಬೇಡ, ಸಾಧ್ಯವಾದಷ್ಟೂ ಒಳ್ಳೆಯದು ಮಾಡು, ಆರಾಧನೆ, ವಾಕ್ಯ, ಪ್ರಾರ್ಥನೆ, ಉಪವಾಸ, ಭೋಜನವನ್ನು ಬಿಡಬೇಡ. ನೀನೂ ಆಫೀಸಿನ ಹುಡುಗಿಯರು ನಾಲ್ಕೈದು ಜನ ಸೇರಿ ವಾರಕ್ಕೊಂದು ಗಂಟೆ ಕೂತುಕೊಳ್ಳಿ. ಈ ವಾರ ಆತ್ಮದ ಸ್ಥಿತಿ ಹೇಗಿತ್ತು ಎಂದು ಒಬ್ಬೊಬ್ಬರೂ ಹೇಳಲಿ. ಹನ್ನೆರಡು ದಾಟಿದರೆ ಒಡೆದು ಎರಡು ಮಾಡಿ, ಇಲ್ಲದಿದ್ದರೆ ಮೂರು ಜನ ಮಾತಾಡಿ ಉಳಿದವರು ಕೇಳುತ್ತಾ ಕೂರುತ್ತಾರೆ. ನಾಯಕಿ ಪ್ರಸಂಗ ಶುರುಮಾಡಿದರೂ ಕ್ಲಾಸ್ ಸತ್ತಂತೆಯೇ. ಅಲ್ಲಿ ಹೇಳಿದ್ದು ಹೊರಗೆ ಹೋಯಿತೋ, ಮುಂದಿನ ವಾರ ಯಾರೂ ನಿಜ ಹೇಳುವುದಿಲ್ಲ.

ರಿಚ್ಮಂಡ್ ಟೌನಿನ ನಮ್ಮ ಮೆಥಡಿಸ್ಟ್ ಸಭೆ ದೂರವಾದರೆ ಹತ್ತಿರದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಹೋಗು. ಮೈಸೂರು ಸೀಮೆಯ ವೆಸ್ಲಿಯನ್ ಸಭೆಗಳು 1947ರಲ್ಲಿ ಅದರಲ್ಲೇ ಸೇರಿದವು, ಅವರು ಪರಕೀಯರಲ್ಲ. ನಿನ್ನ ಸದಸ್ಯತ್ವದ ವರ್ಗಾವಣೆ ಪತ್ರ ಕೊಡಲು ಇಲ್ಲಿನ ಸಭಾಪಾಲಕರನ್ನು ಕೇಳಿದ್ದೇನೆ. ದೀಕ್ಷಾಸ್ನಾನದ ಸರ್ಟಿಫಿಕೇಟಿನ ನಕಲನ್ನು ಈ ಕವರಿನಲ್ಲೇ ಇಟ್ಟಿದ್ದೇನೆ. ಆ ಪ್ರಾರ್ಥನಾಲಯದವರಿಗೆ ಉತ್ತರ ಕೊಡುವ ಮೊದಲು ಅದರ ಮೇಲಿನ ತಾರೀಖು ನೋಡು, ಆಮೇಲೆ ನನಗೆ ಫೋನ್ ಮಾಡು. ಈ ಸಲ ನೀನು ಹೇಳು, ನಾನು ಕೇಳುತ್ತೇನೆ.

ನಿನ್ನ ಅವ್ವ
ಬೀದರ್