ತಂಪಾಗದ ಡಿಟೆಕ್ಟರ್ ಬಾಕ್ಸ್ ಬಗ್ಗೆ ದೂರು

ಬೆಳಗಾವಿ
ಜುಲೈ 18

ಗ್ರಾಹಕ ಸೇವಾ ವಿಭಾಗದ ವ್ಯವಸ್ಥಾಪಕರಿಗೆ,

ವಿಷಯ: ಕೂಲಿಂಗ್ ಇರುವ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಬಾಕ್ಸ್ ಬದಲಿಸಿಕೊಡುವ ಬಗ್ಗೆ

ಮಾನ್ಯರೇ,

ನಾನು ಇಲ್ಲಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನ್ಯೂಟ್ರಿನೊ ಎಂಬ, ಸುಲಭಕ್ಕೆ ಸಿಗದ ಸೂಕ್ಷ್ಮ ಕಣದ ಗುರುತು ಸಿಕ್ಕಿದ ಕಥೆ ಹೇಳಿದ ಮೇಲೆ, ಮಕ್ಕಳು ತಾವೂ ಆಕಾಶದಿಂದ ಬೀಳುವ ಮ್ಯೂಆನ್ ಕಣಗಳನ್ನು ಎಣಿಸಬೇಕು ಅಂತ ಹಟ ಹಿಡಿದರು. ಅದಕ್ಕಾಗಿ ಜೂನ್‌ನಲ್ಲಿ ನಿಮ್ಮಿಂದ ಎರಡು ಬಾಕ್ಸ್ ತರಿಸಿದೆವು. ಒಂದು ಚೆನ್ನಾಗಿದೆ. ಇನ್ನೊಂದು ಬಂದ ದಿನದಿಂದಲೂ ಸರಿಯಿಲ್ಲ.

ಬಾಕ್ಸಿನೊಳಗಿನ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಅಂದರೆ ಒಂದೇ ಒಂದು ಫೋಟಾನ್ (ಬೆಳಕಿನ ಕಣ) ಬಿದ್ದರೂ ವಿದ್ಯುತ್ ಪಲ್ಸ್ ಕೊಡಬಲ್ಲ ಸೆನ್ಸರ್. ಅದು 6 ಮಿ.ಮೀ. ಉದ್ದ, 6 ಮಿ.ಮೀ. ಅಗಲ. ಬೆಳಕು ಬೀಳದಿದ್ದರೂ ಬಿಸಿಯಿಂದಲೇ ಅದರಲ್ಲಿ ಪಲ್ಸ್ ಹುಟ್ಟುತ್ತವೆ. ನೋಡಲು ಒಂದು ಫೋಟಾನ್ ಬಿದ್ದ ಹಾಗೆಯೇ ಇರುತ್ತವೆ. 25 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 18 ಲಕ್ಷ. ಇದಕ್ಕೆ ನನ್ನ ತಕರಾರಿಲ್ಲ, ಈ ಸೆನ್ಸರ್ ಇರುವುದೇ ಹಾಗೆ. ತಂಪು ಮಾಡಿದರೆ ಹೆಚ್ಚುಕಡಿಮೆ ಪ್ರತಿ 10 ಡಿಗ್ರಿಗೆ ಅದು ಅರ್ಧ ಇಳಿಯುತ್ತದೆ. ಬಾಕ್ಸ್ 5 ಡಿಗ್ರಿಗೆ ಇಳಿಯುತ್ತದೆ ಎಂದು ನೀವು ಬರೆದುಕೊಟ್ಟಿದ್ದಿರಿ. ಜಾಸ್ತಿ ದುಡ್ಡು ಕೊಟ್ಟಿದ್ದೇ ಅದಕ್ಕೆ. ಒಳ್ಳೆಯ ಬಾಕ್ಸ್ ಅಷ್ಟಕ್ಕೆ ಇಳಿದು ನಾಲ್ಕೂವರೆ ಲಕ್ಷ ತೋರಿಸುತ್ತದೆ. ಇದು ಒಂದು ಗಂಟೆ ಓಡಿಸಿದರೂ 15 ಡಿಗ್ರಿಗೇ ನಿಲ್ಲುತ್ತದೆ.

ಮೊನ್ನೆ ಮುಚ್ಚಳ ಬಿಚ್ಚಿ ನೋಡಿದೆ. ಕೇಬಲ್ ಹೊರಬರುವ ತೂತಿನ ಹತ್ತಿರ ರಬ್ಬರ್ ಪಟ್ಟಿ ಮಡಚಿಕೊಂಡು ಸಂದು ಬಿದ್ದಿದೆ. ಸೆನ್ಸರ್ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ನೀರಿನ ಹನಿಗಳು! ಬೆಳಗಾವಿಯ ಮಳೆಗಾಲ ಅಂದರೆ ವಾರಗಟ್ಟಲೆ ಜಿಟಿಜಿಟಿ, ಹಾಕಿದ ಬಟ್ಟೆ ಒಣಗುವುದಿಲ್ಲ. ಆ ಹಸಿ ಗಾಳಿ ಒಳಗೆ ಹೋಗಿ ತಣ್ಣಗಿನ ಜಾಗದಲ್ಲಿ ನೀರಾಗಿದೆ. ಟ್ಯೂಬ್‌ಲೈಟ್ ಹಾಕಿದರೆ ಎಣಿಕೆ 12 ಲಕ್ಷ. ಆರಿಸಿ ಕರಿ ಬಟ್ಟೆ ಹೊದಿಸಿದರೆ 9 ಲಕ್ಷ. ಅಂದ ಮೇಲೆ ಬೆಳಕೂ ಒಳಗೆ ಸೋರುತ್ತಿದೆ, ಅಲ್ವಾ?

ಫೋನಿನಲ್ಲಿ ನಿಮ್ಮವರು, “ಥ್ರೆಶೋಲ್ಡ್ ಐದು ಫೋಟಾನ್‌ಗೆ ಏರಿಸಿ ಸರ್, ನಾಯ್ಸ್ ಹೋಗುತ್ತೆ” ಅಂದರು. ಅಂದರೆ ಐದು ಫೋಟಾನ್‌ಗಿಂತ ಚಿಕ್ಕ ಪಲ್ಸ್‌ಗಳನ್ನು ಎಣಿಸಬೇಡಿ ಅಂತ. ಮ್ಯೂಆನ್ ಹಾದುಹೋದಾಗ ಮಿನುಗುವ ನಮ್ಮ ಸಿಂಟಿಲೇಟರ್ ಪ್ಲೇಟಿನ ದೂರದ ಮೂಲೆಯಿಂದ ಬರುವುದೇ ನಾಲ್ಕೈದು ಫೋಟಾನ್. ಅವನ್ನೂ ಬಿಟ್ಟರೆ ನಾವು ಅಳೆಯುವುದೇನು? ಮ್ಯೂಆನ್ ಬರುವುದು ಒಂದು ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು. ಅಂಥದ್ದರಲ್ಲಿ ಒಂದನ್ನೂ ಸುಮ್ನೆ ಕಳೆದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ.

ದಯವಿಟ್ಟು 15 ದಿನದೊಳಗೆ ಬಾಕ್ಸ್ ಬದಲಿಸಿಕೊಡಿ. ಕಳಿಸುವ ಮುಂಚೆ 5 ಡಿಗ್ರಿಯಲ್ಲಿ, ದೀಪ ಹಾಕಿದಾಗ ಒಮ್ಮೆ, ಆರಿಸಿದಾಗ ಒಮ್ಮೆ ಎಣಿಸಿ ಆ ಅಂಕಿಗಳನ್ನು ಜೊತೆಗಿಡಿ. ಆಗದಿದ್ದರೆ ಹಣ ವಾಪಸ್ ಮಾಡಿ. ಬಿಲ್ಲಿನ ಪ್ರತಿ, ಹನಿಗಳ ಫೋಟೊ ಲಗತ್ತಿಸಿದ್ದೇನೆ. ನೀರು ಕಂಡ ಮೇಲೆ ಮತ್ತೆ ವೋಲ್ಟೇಜ್ ಕೊಡುವ ಧೈರ್ಯ ಬಂದಿಲ್ಲ, ಬಾಕ್ಸ್ ಬಂದ್ ಮಾಡಿ ಇಟ್ಟಿದ್ದೇನೆ.

ಇಂತಿ,
ಭೌತಶಾಸ್ತ್ರ ಉಪನ್ಯಾಸಕ